ಹಳೇಬೀಡಿನ ಕುದುರೆ, ಕಾವಲಿನ ಎತ್ತು

ಹೋದ ಡಿಸೆಂಬರ್‌ನಲ್ಲಿ ಆಫೀಸಿನ ಕೆಲಸಕ್ಕೆಂದು ಬೆಲ್ಜಿಯಂನಿಂದ ಬಂದಿದ್ದ ಸಹೋದ್ಯೋಗಿಯೊಬ್ಬ ವಾರಾಂತ್ಯಕ್ಕೆ ಎಲ್ಲಿಗಾದರೂ ಹೋಗೋಣ ಅಂದ. ಗೋವಾ, ಹಂಪಿ ಅಂತೆಲ್ಲ ಪಟ್ಟಿ ಹಾಕಿಕೊಂಡು ಬಂದಿದ್ದ. ನಾನು ಸ್ವಲ್ಪ ಜಾಣತನ ಮಾಡಿ ಬೇಲೂರು-ಹಳೇಬೀಡು ಅಂದೆ. ಜಾಣತನ ಯಾಕೆಂದರೆ ನಮ್ಮೂರು ಅರಸೀಕೆರೆ ಪಕ್ಕದ ಹಳ್ಳಿ. ಅವನಿಗೆ ದೇವಸ್ಥಾನ ತೋರಿಸಿದ ಹಾಗೂ ಆಯ್ತು, ನಾನು ಅಮ್ಮನ ಕೈ ಊಟ ಮಾಡಿದ ಹಾಗೂ ಆಯ್ತು.

ಬೆಳಗಿನ ರೈಲಿಗೆ ಹೊರಟು ಅರಸೀಕೆರೆಯಲ್ಲಿ ಇಳಿದೆವು. ಊರಿನಲ್ಲೇ ಇರುವ 1220ರ ಈಶ್ವರ ದೇವಸ್ಥಾನ ನೋಡಿದೆವು (ಬೇಲೂರು-ಹಳೇಬೀಡಿಗೆ ಹೋಗುವವರು ಯಾರೂ ಇದನ್ನು ನೋಡದೆ ಹೋಗುತ್ತಾರೆ, ನಕ್ಷತ್ರದಾಕಾರದ ಅದರ ಮುಖಮಂಟಪ ನೋಡಲಿಕ್ಕಾದರೂ ಒಂದು ಗಂಟೆ ಇಳಿಯಬಹುದು). ಅಲ್ಲಿಂದ ಕಾರು ಮಾಡಿಕೊಂಡು ಹಳೇಬೀಡು.

ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯ ಪಟ್ಟಿಕೆಗಳನ್ನು ನೀವೆಲ್ಲ ನೋಡಿರುತ್ತೀರಿ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಆಮೇಲೆ ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ನಮ್ಮ ಬೆಲ್ಜಿಯಂನವನು ಕುದುರೆ ಸಾಲಿನ ಮುಂದೆ ನಿಂತವನು ಅಲ್ಲಾಡಲೇ ಇಲ್ಲ. ಅವನ ತಾತ ರೈತ. ಅವರ ಮನೆಯಲ್ಲಿ ಬ್ರಬಾಂಟ್ ಅನ್ನುವ ಜಾತಿಯ ಉಳುಮೆ ಕುದುರೆಗಳಿದ್ದವಂತೆ. ಮೊಬೈಲಿನಲ್ಲಿ ಫೋಟೋ ತೋರಿಸಿದ. ಕುದುರೆಯೋ ಆನೆಮರಿಯೋ ಅನ್ನುವ ಹಾಗಿತ್ತು, ಗೊರಸಿನ ಸುತ್ತ ಕೂದಲು, ಕಂಬದಂಥ ಕಾಲು. ಒಂದೊಂದೂ 900 ಕಿಲೋ ತೂಗುತ್ತಿದ್ದವಂತೆ.

"ಈ ಕುದುರೆಗಳೆಲ್ಲ ಸವಾರಿಯವು. ರಥ ಎಳೆಯುವವು ನಾಲ್ಕಾರು ಇವೆ, ಅದೂ ಕಥೆಯೊಳಗೆ. ಭಾರ ಎಳೆಯುವ ಕುದುರೆ ಎಲ್ಲಿ? ಇಷ್ಟು ಕಲ್ಲು ಕಟ್ಟಿದವರ ಊರಿನಲ್ಲಿ ಗಾಡಿ ಎಳೀತಿದ್ದವರು ಯಾರು?" ಅಂದ.

"ಎತ್ತು" ಅಂದೆ.

ದೇವಸ್ಥಾನದ ಎದುರಿಗಿರುವ ದೊಡ್ಡ ನಂದಿಯ ಕಡೆ ಕೈ ತೋರಿಸಿ "ಇದಾ?" ಅಂದ. "ಇದರ ಮೊಮ್ಮಕ್ಕಳು" ಅಂದೆ. ನಕ್ಕ. ಆಮೇಲೆ ಇಂಜಿನಿಯರ್ ಬುದ್ಧಿ ಬಿಡಬೇಕಲ್ಲ, ಒಂದು ಎತ್ತು ಎಷ್ಟು ತೂಕ, ಎಷ್ಟು ಎಳೆಯುತ್ತೆ, ದಿನಕ್ಕೆ ಎಷ್ಟು ತಿನ್ನುತ್ತೆ ಅಂತ ಒಂದರ ಹಿಂದೊಂದು ಪ್ರಶ್ನೆ. ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ನನಗೆ ನಿಜಕ್ಕೂ ನಾಚಿಕೆಯಾಯ್ತು. ಕಾರಣ ಇದೆ. ನಾನು ಇಂಜಿನಿಯರಿಂಗ್ ಸೇರಿದ ವರ್ಷ ಅಪ್ಪ ನಮ್ಮ ಮನೆಯ ಕೊನೆಯ ಜೋಡಿ ಹಳ್ಳಿಕಾರ್ ಎತ್ತುಗಳನ್ನು ಬೂಕನಬೆಟ್ಟದ ಜಾತ್ರೆಯಲ್ಲಿ ಮಾರಿದರು. ಟವಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸಿ, ಹಗ್ಗ ಕೊಟ್ಟು, ತಿರುಗಿ ನೋಡದೆ ಬಂದರು. ಆ ದುಡ್ಡು ನನ್ನ ಮೊದಲ ವರ್ಷದ ಫೀಸಿಗೂ ಹಾಸ್ಟೆಲಿಗೂ ಹೋಯ್ತು. ಅಂದರೆ ನನ್ನ ಡಿಗ್ರಿಯನ್ನು ಸ್ವಲ್ಪ ದೂರ ಎಳೆದವು ಆ ಎತ್ತುಗಳೇ. ಅವುಗಳ ತೂಕ ಎಷ್ಟು ಅಂತ ನನಗೆ ಗೊತ್ತಿಲ್ಲ!

ಬೆಂಗಳೂರಿಗೆ ವಾಪಸು ಬಂದ ಮೇಲೆ ಎರಡು ತಿಂಗಳು ರಾತ್ರಿ ಹೊತ್ತು ಇದನ್ನೇ ಓದಿದೆ. ಓದುತ್ತಾ ಹೋದ ಹಾಗೆ ಇದು ಬರೀ ತೂಕದ ಲೆಕ್ಕ ಅಲ್ಲ, ನಮ್ಮ ಅರಸೀಕೆರೆ ಸೀಮೆಯ ಬಯಲುಗಳ ಕಥೆ ಅಂತ ಗೊತ್ತಾಯ್ತು.

ಮೊದಲು ಲೆಕ್ಕ ಮುಗಿಸಿಬಿಡೋಣ.

ಹಾರ್ಸ್‌ಪವರ್ ಅನ್ನುವ ಅಳತೆ ಬಂದಿದ್ದು ಜೇಮ್ಸ್ ವಾಟ್‌ನಿಂದ. ಅವನು ತನ್ನ ಸ್ಟೀಮ್ ಇಂಜಿನ್ ಮಾರಬೇಕಿತ್ತು, ಕೊಳ್ಳುವವರು ಕುದುರೆ ಇಟ್ಟುಕೊಂಡವರು. ಹಾಗಾಗಿ 1780ರ ದಶಕದಲ್ಲಿ ಒಂದು ಕುದುರೆ ನಿಮಿಷಕ್ಕೆ 33,000 ಅಡಿ-ಪೌಂಡ್ ಕೆಲಸ ಮಾಡುತ್ತದೆ ಅಂತ ಲೆಕ್ಕ ಕಟ್ಟಿದ. ಇವತ್ತಿನ ಲೆಕ್ಕದಲ್ಲಿ 746 ವ್ಯಾಟ್. ಇದು ದಿನವಿಡೀ ದುಡಿಯುವ ಲೆಕ್ಕ. ಕೆಲವೇ ಸೆಕೆಂಡು ಜೀವ ಬಿಟ್ಟು ಎಳೆದರೆ ಕುದುರೆಯೊಂದು 15 ಹಾರ್ಸ್‌ಪವರ್‌ವರೆಗೂ ಹೋಗಬಲ್ಲದು ಅಂತ 1993ರಲ್ಲಿ ಲೆಕ್ಕ ಹಾಕಿದವರಿದ್ದಾರೆ. ಆದರೆ ಹಾಗೆ ಎಳೆದು ಸಂಜೆತನಕ ಹೊಲ ಉಳಲು ಆಗಲ್ಲ.

ದಿನಗಟ್ಟಲೆ ಎಳೆಯುವ ಪ್ರಾಣಿಗಳಿಗೆ ಒಂದು ಸುಲಭ ಸೂತ್ರ ಇದೆ. ತನ್ನ ಮೈತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು ಬಲ ಹಾಕಿ ಗಂಟೆಗಟ್ಟಲೆ ನಡೆಯಬಲ್ಲವು. ಕುದುರೆಯಾದರೂ ಅಷ್ಟೇ, ಎತ್ತಾದರೂ ಅಷ್ಟೇ, ಒಂದೆರಡು ಪರ್ಸೆಂಟ್ ಆಚೀಚೆ. 750 ಕಿಲೋ ಕುದುರೆ 75 ಕಿಲೋ ಬಲದಲ್ಲಿ ಸೆಕೆಂಡಿಗೆ ಒಂದು ಮೀಟರ್ ನಡೆದರೆ ಹೆಚ್ಚುಕಮ್ಮಿ 736 ವ್ಯಾಟ್, ವಾಟ್‌ನ ಕುದುರೆ ಸಿಕ್ಕಿತು. ಈಗ ನಮ್ಮ ಅಮೃತ ಮಹಲ್ ಎತ್ತು ತೆಗೆದುಕೊಳ್ಳಿ. ಬೆಳೆದ ಎತ್ತು 500 ಕಿಲೋ ಆಸುಪಾಸು. ಜೋಡಿಗೆ 100 ಕಿಲೋ ಬಲ. ಸೆಕೆಂಡಿಗೆ 0.8 ಮೀಟರ್, ಅಂದರೆ ಗಂಟೆಗೆ ಮೂರು ಕಿಲೋಮೀಟರಿಗೂ ಒಂಚೂರು ಕಮ್ಮಿ ನಡೆದರೆ 785 ವ್ಯಾಟ್.

ಅಂದರೆ ಒಂದು ಜೋಡಿ ಎತ್ತಿಗೆ ಒಂದು ಹಾರ್ಸ್‌ಪವರ್ :)

ಮಣ್ಣು ರಸ್ತೆಯಲ್ಲಿ ಮರದ ಚಕ್ರದ ಗಾಡಿಯನ್ನು ಉರುಳಿಸಲು ಒಟ್ಟು ಭಾರದ ಐದರಿಂದ ಹತ್ತು ಪರ್ಸೆಂಟ್ ಬಲ ಬೇಕು. 100 ಕಿಲೋ ಬಲಕ್ಕೆ ಒಂದರಿಂದ ಎರಡು ಟನ್, ಗಾಡಿಯ ಸ್ವಂತ ತೂಕ ಸೇರಿ. ಅಪ್ಪನಿಗೆ ಫೋನ್ ಮಾಡಿ ಕೇಳಿದೆ. "ಹತ್ತು ಮೂಟೆ ರಾಗಿ ಹಾಕಿದ್ರೆ ಸಲೀಸಾಗಿ ಹೋಗೋವು. ಹನ್ನೆರಡು ಹಾಕಿದ್ರೆ ದಿಣ್ಣೇಲಿ ನಾವೂ ಇಳಿದು ಚಕ್ರಕ್ಕೆ ಕೈ ಕೊಡಬೇಕಿತ್ತು ಕಣಪ್ಪ" ಅಂದರು. ಮೂಟೆಗೆ ನೂರು ಕಿಲೋ. ಫಿಸಿಕ್ಸು, ಅಪ್ಪ, ಇಬ್ಬರ ಉತ್ತರವೂ ಒಂದೇ.

ಹಾಗಾದರೆ ಕುದುರೆಯೇ ಮೇಲಲ್ಲವೇ, ಒಂದರ ಕೆಲಸಕ್ಕೆ ಎರಡು ಎತ್ತು ಬೇಕಲ್ಲ ಅನ್ನಬಹುದು. ಹೊಟ್ಟೆ ನೋಡುವ ತನಕ ಹಾಗೇ ಕಾಣುತ್ತದೆ.

ಕುದುರೆಯ ಜಠರ ಅದರ ದೇಹಕ್ಕೆ ಹೋಲಿಸಿದರೆ ತೀರಾ ಚಿಕ್ಕದು, ಹತ್ತು ಹದಿನೈದು ಲೀಟರಿನ ಚೀಲ. ಹುಲ್ಲಿನ ನಾರು ಕೊಳೆತು ಸತ್ವ ಬಿಡುವುದು ಅದರ ಕರುಳಿನ ಕೊನೆಯ ಭಾಗದಲ್ಲಿ. ಹಾಗಾಗಿ ಸತ್ವದ ಒಂದು ಭಾಗ ಕೈಬಿಟ್ಟು ಹೋಗುತ್ತದೆ. ಅದಕ್ಕೇ ಹುಲ್ಲುಗಾವಲಿಗೆ ಬಿಟ್ಟ ಕುದುರೆ ದಿನದ ಮುಕ್ಕಾಲು ಭಾಗ ಮೇಯುತ್ತಲೇ ಇರುತ್ತದೆ. ಕೆಲಸಕ್ಕೆ ಹೂಡಿದರೆ ಮೇಯಲು ಹೊತ್ತಿರುವುದಿಲ್ಲ, ಆಗ ಧಾನ್ಯ ಕೊಡಲೇಬೇಕು. ದುಡಿಯುವ ಪ್ರಾಣಿ ದಿನಕ್ಕೆ ಮೈತೂಕದ ಎರಡರಿಂದ ಎರಡೂವರೆ ಪರ್ಸೆಂಟ್ ಒಣ ಮೇವು ತಿನ್ನುತ್ತದೆ. ನಮ್ಮ ಬೆಲ್ಜಿಯಂ ಗೆಳೆಯನ ತಾತನ ಕುದುರೆಗೆ 20 ಕಿಲೋ, ಕೆಲಸದ ದಿನಗಳಲ್ಲಿ ಅದರಲ್ಲಿ ಮೂರನೇ ಒಂದು ಭಾಗವಾದರೂ ಓಟ್ಸೋ ಬಾರ್ಲಿಯೋ ಇರಬೇಕು.

ಎತ್ತು ಹಾಗಲ್ಲ. ಗಬಗಬ ತಿಂದು ಹೊಟ್ಟೆಗೆ ತುಂಬಿಕೊಂಡು, ಆಮೇಲೆ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ರಾಗಿ ಹುಲ್ಲಿನಂಥ ಒಣಕಲನ್ನೂ ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಜೀರ್ಣ ಮಾಡಿಕೊಡುತ್ತವೆ. ದಿನಕ್ಕೆ ಹತ್ತು ಹನ್ನೆರಡು ಕಿಲೋ ಒಣ ಮೇವು, ಉಳುಮೆಯ ಕಾಲದಲ್ಲಿ ಒಂದಿಷ್ಟು ಹಿಂಡಿ, ಬೇಯಿಸಿದ ಹುರುಳಿ. ಮನುಷ್ಯ ತಿನ್ನದ್ದನ್ನು ತಿಂದು ಮನುಷ್ಯನ ಕೆಲಸ ಮಾಡಿಕೊಡುವ ಯಂತ್ರ ಅದು. ನಮ್ಮ ಹುರುಳಿಗೆ ಇಂಗ್ಲಿಷಿನವರು ಇಟ್ಟ ಹೆಸರು ನೋಡಿ: ಹಾರ್ಸ್ ಗ್ರಾಮ್! ತಮ್ಮ ಕುದುರೆಗಳಿಗೆ ಬೇಯಿಸಿ ಹಾಕಿದ್ದನ್ನೇ ನೋಡಿದರು, ನಮ್ಮ ಹುರುಳಿ ಸಾರು ನೋಡಲಿಲ್ಲ.

ಇನ್ನೊಂದು ತೊಂದರೆ ಇತ್ತು. ಕುದುರೆ ನಮ್ಮ ಕಡೆ ಚೆನ್ನಾಗಿ ಹುಟ್ಟಿ ಬೆಳೆಯುವ ಪ್ರಾಣಿಯೇ ಅಲ್ಲ. ಹೊಯ್ಸಳರ ಕಾಲದಲ್ಲಿ ಅದು ಅರಬ್ ದೇಶಗಳಿಂದ ಹಡಗಿನಲ್ಲಿ ಬರುತ್ತಿತ್ತು. ನಮ್ಮ ಅರಸೀಕೆರೆಯ ಶಾಸನವೊಂದರಲ್ಲೇ ಸಮುದ್ರದ ಮೇಲೆ ಕುದುರೆ, ಆನೆ, ಮುತ್ತುಗಳನ್ನು ತಂದು ಅರಸರಿಗೆ ಮಾರುತ್ತಿದ್ದ ವರ್ತಕನ ಮಾತು ಬರುತ್ತದೆ. 1290ರ ದಶಕದಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೋ ಪೋಲೋ, ಅಲ್ಲಿ ರಾಜರು ವರ್ಷವರ್ಷವೂ ಸಾವಿರಗಟ್ಟಲೆ ಕುದುರೆ ಕೊಳ್ಳುತ್ತಾರೆ, ಸಾಕಲು ಬಾರದೆ ಬಹುಪಾಲು ಸತ್ತುಹೋಗುತ್ತವೆ, ಅನ್ನದ ಜೊತೆ ಮಾಂಸ ಬೇಯಿಸಿ ತಿನ್ನಿಸುತ್ತಾರೆ ಅಂತ ಬರೆದಿದ್ದಾನೆ. ಎರಡು ಶತಮಾನದ ನಂತರ ವಿಜಯನಗರದ ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಅಂತ ಪೋರ್ಚುಗೀಸ್ ನೂನಿಜ್ ಬರೆಯುತ್ತಾನೆ. ಇಷ್ಟು ದುಬಾರಿ ಪ್ರಾಣಿಯನ್ನು ಯಾರು ನೊಗಕ್ಕೆ ಕಟ್ಟುತ್ತಾರೆ? ಅದು ಯುದ್ಧಕ್ಕೆ, ಮೆರವಣಿಗೆಗೆ, ಶಿಲ್ಪಕ್ಕೆ. 1311ರಲ್ಲಿ ಮಲಿಕ್ ಕಾಫೂರ್ ದ್ವಾರಸಮುದ್ರಕ್ಕೆ ಮುತ್ತಿಗೆ ಹಾಕಿದಾಗ ಮೂರನೇ ಬಲ್ಲಾಳ ಶರಣಾಗಿ ಒಪ್ಪಿಸಿದ್ದು ಏನು? ಆನೆ, ಕುದುರೆ, ಐಶ್ವರ್ಯ. ಎತ್ತಿನ ಮಾತು ಯಾರೂ ಬರೆಯಲಿಲ್ಲ. ಆ ಐಶ್ವರ್ಯದ ಭಾರವನ್ನು ದೆಹಲಿಗೆ ಹೊತ್ತವರು ಯಾರಿರಬಹುದು ಅಂತ ನೀವೇ ಊಹಿಸಿಕೊಳ್ಳಿ.

ಎತ್ತಿಗೆ ಸರ್ಕಾರಿ ಕಡತದಲ್ಲಿ ಜಾಗ ಸಿಕ್ಕಿದ್ದು ಮೈಸೂರು ಅರಸರ ಕಾಲಕ್ಕೆ. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಗಳು ಕಟ್ಟಿದ್ದ ದನದ ಮಂದೆಗಳು ಒಡೆಯರ ಕೈಗೆ ಬಂದವು. ಚಿಕ್ಕದೇವರಾಜ ಒಡೆಯರು (1672-1704) ಅದನ್ನು ಒಂದು ಇಲಾಖೆಯಾಗಿ ಮಾಡಿ 'ಬೆಣ್ಣೆ ಚಾವಡಿ' ಅಂತ ಹೆಸರಿಟ್ಟರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಚಾವಡಿ. ಮಂದೆಗಳು ಮೇಯಲು ರಾಜ್ಯದ ತುಂಬ ಹುಲ್ಲುಗಾವಲುಗಳನ್ನು ಗುರುತು ಮಾಡಿಟ್ಟರು. ಇವೇ 'ಕಾವಲು'ಗಳು. ಅರಸೀಕೆರೆ, ಕಡೂರು, ತರೀಕೆರೆ, ಹೊಸದುರ್ಗ, ಚಿಕ್ಕನಾಯಕನಹಳ್ಳಿ ಕಡೆಯ ಬಯಲುಸೀಮೆಯಲ್ಲಿ ಊರ ಹೆಸರಿನ ಕೊನೆಗೆ 'ಕಾವಲು' ಅಂತ ಕಂಡರೆ ಹೆಚ್ಚಿನ ಸಲ ಅದು ಇದೇ.

ಹೈದರಾಲಿ ಇದರಲ್ಲಿ ಬೆಣ್ಣೆ ನೋಡಲಿಲ್ಲ, ಫಿರಂಗಿ ನೋಡಿದ. ತಾನು ಸೋಲಿಸಿದ ಪಾಳೆಯಗಾರರ ಮಂದೆಗಳನ್ನೂ ಸೇರಿಸಿಕೊಂಡು ಸೈನ್ಯದ ಫಿರಂಗಿ, ಸಾಮಾನು ಎಳೆಯಲು ಎತ್ತುಗಳನ್ನು ತಯಾರು ಮಾಡಿದ. ಟಿಪ್ಪು ಬಂದು 'ಅಮೃತ ಮಹಲ್' ಅಂತ ಹೆಸರು ಬದಲಿಸಿ, ಮಂದೆಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಒಂದು ಹುಕುಂನಾಮೆಯನ್ನೇ ಹೊರಡಿಸಿದ. ಅದರ ನಿಯಮಗಳನ್ನು ಆಮೇಲೆ ಬಂದ ಇಂಗ್ಲಿಷರೂ ಇಟ್ಟುಕೊಂಡರು.

ಮೇಯಿಸುವ ಪದ್ಧತಿ ಓದಿದರೆ ಖುಷಿಯಾಗುತ್ತದೆ. ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಮಂದೆ ಋತುವಿಗೆ ಸರಿಯಾಗಿ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಬೇಕು. ಬೇಸಿಗೆ ಕಾವಲಿಗೆ ಬೆಲೆ ಜಾಸ್ತಿ, ಯಾಕೆಂದರೆ ಅವು ಹೆಚ್ಚಾಗಿ ಕೆರೆಯಂಗಳಗಳು. ನೀರು ಇಳಿದ ಹಾಗೆ ಅಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಹಸುವಿನ ಹಾಲು ಕರೆಯುವಂತಿಲ್ಲ, ಅದು ಕರುವಿನ ಪಾಲು. (ಬೆಣ್ಣೆ ಚಾವಡಿಯಲ್ಲಿ ಬೆಣ್ಣೆಯೇ ಇಲ್ಲದ ಹಾಗಾಯ್ತು!) ಕೊಟ್ಟಿಗೆ ಇಲ್ಲ, ಗೋದಲಿ ಇಲ್ಲ, ಬಿಸಿಲು ಮಳೆಯಲ್ಲೇ ಹುಟ್ಟಿ ಬೆಳೆಯಬೇಕು. ಮೂರ್ನಾಲ್ಕು ವರ್ಷಕ್ಕೆ ಹೋರಿಗಳ ಬೀಜ ಒಡೆಸಿ, ಪಳಗಿಸಿ, ಬಾಯಿಗೂಡುವ ಹೊತ್ತಿಗೆ ಪೂರ್ತಿ ಕೆಲಸಕ್ಕೆ. ಹೀಗೆ ಬೆಳೆದದ್ದು ಎತ್ತರಕ್ಕೆ ದೊಡ್ಡದಲ್ಲ, ಭುಜದ ಹತ್ತಿರ ನಾಲ್ಕೂಕಾಲು ಅಡಿ ಇದ್ದರೆ ಹೆಚ್ಚು. ಆದರೆ ಒಣ ಮೈ, ಉದ್ದ ಕಾಲು, ಗಟ್ಟಿ ಗೊರಸು, ಹಿಂದಕ್ಕೆ ಬಾಗಿದ ಚೂಪು ಕೊಂಬು, ಮತ್ತೆ ಒಳ್ಳೇ ಸಿಟ್ಟು. ಬ್ರಬಾಂಟ್ ಕುದುರೆ ಲಾರಿಯಾದರೆ ಇದು ಜೀಪು.

ಆ ಜೀಪಿನ ಓಟವನ್ನು ಮೈಸೂರು ಗೆಜೆಟಿಯರ್ ಹೆಮ್ಮೆಯಿಂದ ದಾಖಲಿಸಿದೆ. ಹೈದರ್ ಚಿದಂಬರಂ ಕೋಟೆ ಉಳಿಸಿಕೊಳ್ಳಲು ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳಿಂದ. ಟಿಪ್ಪು ಬಿದನೂರನ್ನು ವಾಪಸು ಪಡೆಯಲು ಒಂದು ತಿಂಗಳಲ್ಲಿ ಪರ್ಯಾಯ ದ್ವೀಪವನ್ನೇ ಅಡ್ಡ ದಾಟಿದ್ದು, ಜನರಲ್ ಮೆಡೋಸ್ ಎದುರಿಗಿದ್ದಾಗ ಎರಡು ದಿನದಲ್ಲಿ 63 ಮೈಲಿ ಹೋದದ್ದು ಇವುಗಳಿಂದ. ಯುದ್ಧದಲ್ಲಿ ಸೋತಾಗಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಹೋಗಿಬಿಡುತ್ತಿದ್ದರಂತೆ. ಗೆದ್ದದ್ದಕ್ಕಿಂತ ಇದು ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಫಿರಂಗಿ ಉಳಿದರೆ ಸೈನ್ಯ ಉಳಿದ ಹಾಗೆ.

ಎತ್ತು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1791 ಇದೆ. ಇಲ್ಲಿ ನನ್ನದೊಂದು ಪೆದ್ದುತನ ಹೇಳಿಕೊಳ್ಳಬೇಕು. ಮೊದಲ ಸಲ ಓದಿದಾಗ ಕಾರ್ನ್‌ವಾಲಿಸ್ ಅರಸೀಕೆರೆಯಲ್ಲಿ ಯುದ್ಧ ಮಾಡಿದ ಅಂತ ಓದಿಕೊಂಡು ಅಪ್ಪನಿಗೆ ಫೋನ್ ಮಾಡಿ ಕುಣಿದುಬಿಟ್ಟೆ. ಆಮೇಲೆ ನೋಡಿದರೆ ಅದು ಅರಕೆರೆ, ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆಯದು. ಇಂಗ್ಲಿಷ್ ಸ್ಪೆಲ್ಲಿಂಗಿನ ಕೃಪೆ.

ಆ ವರ್ಷ ಮಾರ್ಚಿಯಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ಮೇ ಮೊದಲ ವಾರ ಶ್ರೀರಂಗಪಟ್ಟಣಕ್ಕೆ ಹೊರಟ. ಟಿಪ್ಪು ದಾರಿಯುದ್ದಕ್ಕೂ ಮೇವು ಸುಡಿಸಿ, ಊರು ಖಾಲಿ ಮಾಡಿಸಿದ್ದ. ಹಾಗಾಗಿ ಕಾರ್ನ್‌ವಾಲಿಸ್ ಚನ್ನಪಟ್ಟಣದ ನೇರ ದಾರಿ ಬಿಟ್ಟು ಕಾನಕಾನಹಳ್ಳಿಯ (ಈಗಿನ ಕನಕಪುರ) ಕಾಡುದಾರಿ ಹಿಡಿದ. ಅವನ ಹತ್ತಿರ ಕೋಟೆ ಒಡೆಯುವ ದೊಡ್ಡ ಫಿರಂಗಿಗಳಿದ್ದವು. 24 ಪೌಂಡ್ ಗುಂಡಿನ ಕಬ್ಬಿಣದ ಫಿರಂಗಿಯ ನಳಿಗೆಯೇ ಎರಡೂವರೆ ಟನ್, ಅದರ ಗಾಡಿ ಇನ್ನೂ ಒಂದು ಟನ್. ಒಣ ನೆಲದಲ್ಲಿ ಪರವಾಗಿಲ್ಲ. ಮಳೆ ಬಿದ್ದ ಮಣ್ಣಿನಲ್ಲಿ ಚಕ್ರ ಹೂತರೆ ಭಾರದ ಕಾಲುಭಾಗದಷ್ಟು ಬಲ ಬೇಕಾಗುತ್ತದೆ, 800-900 ಕಿಲೋ. ನಮ್ಮ ಸೂತ್ರದಲ್ಲಿ ಹದಿನೆಂಟು ಎತ್ತು ಸಾಕು. ಆದರೆ ಮೂವತ್ತು ನಲವತ್ತು ಎತ್ತು ಹೂಡಬೇಕಾಗುತ್ತಿತ್ತು. ಕಾರಣ, ಎತ್ತುಗಳು ಬಡಕಲಾಗಿದ್ದವು. ಜೊತೆಗೆ ಉದ್ದ ಸಾಲಿನಲ್ಲಿ ಕಟ್ಟಿದಾಗ ಎಲ್ಲವೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ, ಒಂದು ಎಳೆದಾಗ ಇನ್ನೊಂದು ಸಡಿಲ ಬಿಟ್ಟಿರುತ್ತದೆ. ನಮ್ಮ ಸರ್ವರ್‌ಗೆ ನಾಲ್ಕು ಕೋರ್ ಬದಲು ಎಂಟು ಹಾಕಿದರೆ ವೇಗ ಎರಡರಷ್ಟಾಗಲ್ಲ ಅಂತ ಮ್ಯಾನೇಜರಿಗೆ ಎಷ್ಟು ಸಲ ಹೇಳಿದ್ದೇನೋ! ಇದನ್ನು ಗಾಡಿ ಹೊಡೆಯುವ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಮೇ 15ರಂದು ಅರಕೆರೆಯಲ್ಲಿ ಯುದ್ಧವಾಯ್ತು. ಕಾರ್ನ್‌ವಾಲಿಸ್ ಗೆದ್ದ. ಗೆದ್ದು ಏನು ಮಾಡುವುದು? ಕಾವೇರಿ ತುಂಬಿತ್ತು, ಮೇವಿಲ್ಲ, ಎತ್ತುಗಳು ದಿನವೂ ಸಾಯುತ್ತಿದ್ದವು. ನದಿ ದಾಟಲು ಕನ್ನಂಬಾಡಿ ಕಡೆಗೆ, ಅಂದರೆ ಈಗ ಕೆಆರ್‌ಎಸ್ ಇರುವ ಜಾಗಕ್ಕೆ, ಫಿರಂಗಿಗಳನ್ನು ಸಿಪಾಯಿಗಳೇ ಹಗ್ಗ ಹಾಕಿ ಎಳೆದರು. ಅಲ್ಲಿಗೆ ಮುಗಿಯಿತು. ಬೆಂಗಳೂರಿನಿಂದ ಅಷ್ಟು ಕಷ್ಟಪಟ್ಟು ತಂದಿದ್ದ ಮುತ್ತಿಗೆ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ, ಶ್ರೀರಂಗಪಟ್ಟಣ ಕಣ್ಣೆದುರಿಗೇ ಇರುವಾಗ ಹಿಂದಿರುಗಿದ. ಒಂದೆರಡು ದಿನದ ದಾರಿಯಲ್ಲೇ ಮರಾಠರ ಸೈನ್ಯ ಎದುರಾಯ್ತು, ಅವರ ಹಿಂದೆ ಬೇಕಾದಷ್ಟು ದವಸ ತುಂಬಿದ ಸಂತೆ! ಫಿರಂಗಿ ಒಡೆದಾಗಿತ್ತು. ಮತ್ತೆ ಬಂದದ್ದು 1792ರ ಫೆಬ್ರವರಿಯಲ್ಲಿ, ಆ ಸಲ ಹೇರೆತ್ತುಗಳ ಮೇಲೆ ದವಸ ಹೊತ್ತು ತಂದ ಲಂಬಾಣಿಗಳನ್ನು ಜೊತೆಗೆ ಸೇರಿಸಿಕೊಂಡು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯ್ತು. ಸ್ಕೂಲಿನಲ್ಲಿ ನಮಗೆ ಒಪ್ಪಂದದ ಹೆಸರು, ಇಸವಿ ಬಾಯಿಪಾಠ ಮಾಡಿಸಿದರು. ಎತ್ತಿಗೆ ಹುಲ್ಲು ಸಿಗದೆ ಯುದ್ಧ ಒಂಬತ್ತು ತಿಂಗಳು ಮುಂದೆ ಹೋಯ್ತು ಅಂತ ಯಾರೂ ಹೇಳಲಿಲ್ಲ.

1799ರ ನಂತರ ಮಂದೆಗಳು ಇಂಗ್ಲಿಷರ ಪಾಲಾದವು. ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ (ಮುಂದೆ ನೆಪೋಲಿಯನ್ನನ್ನು ಸೋಲಿಸಿದ ವೆಲ್ಲಿಂಗ್ಟನ್) ಬರೆದ ಪತ್ರಗಳ ತುಂಬ ಎತ್ತಿನದೇ ಗೋಳು. ಒಳ್ಳೆಯ ಎತ್ತು, ಅದನ್ನು ಹೊಡೆಯಬಲ್ಲವನು, ಹೊಟ್ಟೆ ತುಂಬ ಮೇವು ಇಲ್ಲದೆ ಸೈನ್ಯ ಬೇಗ ನಡೆಯಲಾರದು ಅನ್ನುವುದು ಅವನು ಇಲ್ಲಿ ಕಲಿತುಕೊಂಡು ಹೋದ ಪಾಠ. ಆದರೂ ಮೊದಲ ವರ್ಷಗಳಲ್ಲಿ ಯಾರೂ ಸರಿಯಾಗಿ ನೋಡಿಕೊಳ್ಳದೆ ತಳಿ ಕೆಟ್ಟಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಅನ್ನುವವನಿಗೆ ವಹಿಸಿದ ಮೇಲೆ ಚೇತರಿಸಿಕೊಂಡಿತು. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲು ಇಡೀ ಇಲಾಖೆಯನ್ನೇ ಮುಚ್ಚಿ ಮಂದೆಗಳನ್ನು ಮಾರಿಸಿಬಿಟ್ಟ. ಕಾಸ್ಟ್ ಕಟಿಂಗ್ ನಮ್ಮ ಕಾಲದ್ದು ಅಂದುಕೊಂಡಿದ್ದೆ. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ ಆರೇಳು ವರ್ಷಕ್ಕೇ ಬುದ್ಧಿ ಬಂದು, ಚೆದುರಿ ಹೋದ ದನಗಳನ್ನು ಹುಡುಕಿ ಕೊಂಡು ಮತ್ತೆ ಇಲಾಖೆ ಶುರು ಮಾಡಿದರು. 1882-83ರ ಸುಮಾರಿಗೆ ಅದು ಮೈಸೂರು ಸರ್ಕಾರಕ್ಕೆ ಬಂತು. ಈಗ ರಾಜ್ಯದ ಪಶುಸಂಗೋಪನಾ ಇಲಾಖೆಯ ಕೈಯಲ್ಲಿದೆ, ಅಜ್ಜಂಪುರದಲ್ಲಿ ಅದರ ಮುಖ್ಯ ತಳಿ ಕೇಂದ್ರ.

ಮಂದೆ ವಾಪಸು ಸಿಕ್ಕಿತು, ನೆಲ ಸಿಗಲಿಲ್ಲ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಯ ಆಸುಪಾಸು ಇದ್ದ ಕಾವಲುಗಳಲ್ಲಿ ಈಗ ಉಳಿದಿರುವುದು ಅದರ ಸಣ್ಣ ಪಾಲು. ಒಂದಿಷ್ಟು ಸಾಗುವಳಿಗೆ ಹೋಯ್ತು, ಒಂದಿಷ್ಟಕ್ಕೆ ನೀಲಗಿರಿ ನೆಟ್ಟರು, ಒಂದಿಷ್ಟು ಸೈಟಾಯ್ತು. ಹುಲ್ಲುಗಾವಲು ಅಂದರೆ ಸರ್ಕಾರದ ಕಣ್ಣಿಗೆ ಪಾಳು ಬಿದ್ದ ಭೂಮಿ. ಚಳ್ಳಕೆರೆ ಹತ್ತಿರ ಕುದಾಪುರ ಸುತ್ತಮುತ್ತ ಸುಮಾರು ಹತ್ತು ಸಾವಿರ ಎಕರೆ ಕಾವಲನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಕೊಟ್ಟಾಗ ಕುರಿ-ದನ ಮೇಯಿಸುವ ಊರಿನವರ ಪರವಾಗಿ ಕೇಸು ಹಸಿರು ನ್ಯಾಯಮಂಡಳಿಯ ತನಕ ಹೋಯ್ತು. ಅಲ್ಲಿ 2017ರಲ್ಲಿ ಡಿಆರ್‌ಡಿಓದ ವಿಮಾನ ಪರೀಕ್ಷಾ ಕೇಂದ್ರ ಶುರುವಾಯ್ತು, ಡ್ರೋನ್ ಹಾರಿಸಿ ನೋಡುತ್ತಾರೆ. ಸೈನ್ಯದ ಫಿರಂಗಿ ಎಳೆಯುವ ಎತ್ತುಗಳಿಗೆ ಮೀಸಲಿಟ್ಟಿದ್ದ ಹುಲ್ಲಿನ ಮೇಲೆ ಸೈನ್ಯದ ಡ್ರೋನ್. ನನ್ನ ಕ್ಲಾಸ್‌ಮೇಟ್‌ಗಳಲ್ಲಿ ಅರ್ಧ ಜನಕ್ಕೆ ಅಲ್ಲಿ ಕೆಲಸ ಸಿಕ್ಕಿದರೆ ನಾನೇ ಸ್ವೀಟ್ ಹಂಚುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೂ ಆ ನೆಲ ಖಾಲಿ ಇತ್ತು ಅಂದರೆ ಮಾತ್ರ ಒಪ್ಪಲ್ಲ. ಕಡೂರು ತಾಲೂಕಿನ ಬಾಸೂರು ಕಾವಲು 2011ರಲ್ಲಿ ಕೃಷ್ಣಮೃಗಗಳ ದೆಸೆಯಿಂದ ಸಂರಕ್ಷಿತ ಪ್ರದೇಶವಾಯ್ತು. ಜಿಂಕೆಯ ಹೆಸರಲ್ಲಾದರೂ ಹುಲ್ಲು ಉಳಿಯಲಿ.

ಇಷ್ಟೆಲ್ಲ ಓದಿ ಮುಗಿಸಿ, ಹೋದ ತಿಂಗಳು ಊರಿಗೆ ಹೋದಾಗ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ನಮ್ಮ ತಾಲೂಕಿನಲ್ಲೇ ಇರುವ ಹಬ್ಬನಘಟ್ಟದ ಕಾವಲಿಗೆ ಹೋದೆ. ಹುಟ್ಟಿದಾಗಿನಿಂದ ಆ ಕಡೆ ಓಡಾಡಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ದೂರದಲ್ಲಿ ಬೂದು ಬಣ್ಣದ ಮಂದೆ. ನಾವು ಹತ್ತಿರ ಹೋದ ಹಾಗೆ ಅಷ್ಟೂ ದನಗಳು ಒಟ್ಟಿಗೆ ತಲೆ ಎತ್ತಿ ನಮ್ಮ ಕಡೆಗೇ ತಿರುಗಿ ನಿಂತವು. ಕೊಂಬುಗಳೇ ಕಾಣುತ್ತಿದ್ದವು.

"ಅಲ್ಲೇ ನಿಂತ್ಕಳಿ ಯಜಮಾನ್ರೇ, ಹೊಸಬರನ್ನ ಸೇರ್ಸಕಿಲ್ಲ ಅವು" ಅಂತ ದನ ಕಾಯುವವರು ಕೂಗಿದರು.

ಅಪ್ಪ ನಿಂತರು. ನಾನು ನನ್ನ ಲೆಕ್ಕ ಒಪ್ಪಿಸಿದೆ: 500 ಕಿಲೋ, 50 ಕಿಲೋ ಬಲ, ಜೋಡಿಗೆ ಒಂದು ಹಾರ್ಸ್‌ಪವರ್. ನಮ್ಮ ಟ್ರ್ಯಾಕ್ಟರ್ 35 ಹಾರ್ಸ್‌ಪವರ್, ಅಂದರೆ ಕೊಟ್ಟಿಗೆಯಲ್ಲಿ 35 ಜೋಡಿ ಕಟ್ಟಿಕೊಂಡ ಹಾಗೆ ಅಂದೆ. ಅಪ್ಪ ಕೇಳಿಸಿಕೊಂಡರೋ ಇಲ್ಲವೋ. ಮಂದೆಯ ಅಂಚಿನಲ್ಲಿದ್ದ ಎರಡು ಹೋರಿಕರುಗಳನ್ನೇ ನೋಡುತ್ತಿದ್ದರು. ಎರಡೂ ಒಂದೇ ಎತ್ತರ, ಒಂದೇ ಬಣ್ಣ.

"ಹರಾಜು ಯಾವಾಗ ಮಾಡ್ತಾರಂತೆ?" ಅಂತ ದನ ಕಾಯುವವರನ್ನು ಕೇಳಿದರು. ಗಂಡುಕರುಗಳನ್ನು ವರ್ಷಕ್ಕೊಮ್ಮೆ ಅಜ್ಜಂಪುರದಲ್ಲಿ ಹರಾಜು ಹಾಕುತ್ತಾರೆ, ದೂರದೂರದ ರೈತರು ಬಂದು ಜೋಡಿಗೆ ಲಕ್ಷದ ಮೇಲೆ ಕೂಗುತ್ತಾರೆ. ಆತ ಏನೋ ಹೇಳಿದ, ಅಪ್ಪ ತಲೆಯಾಡಿಸಿದರು.

ವಾಪಸು ಬರುವಾಗ ಬೈಕಿನಲ್ಲಿ ಹಿಂದೆ ಕೂತು ಬಹಳ ಹೊತ್ತು ಮಾತಾಡಲಿಲ್ಲ. ಊರ ಹತ್ತಿರ ಬಂದ ಮೇಲೆ ನಾನೇ ಕೇಳಿದೆ, "ಅಪ್ಪ, ತಂದ್ರೂ ಎಲ್ಲಿ ಕಟ್ತೀಯ? ಕೊಟ್ಟಿಗೇಲಿ ಬೈಕು, ಮೋಟ್ರು, ಗೊಬ್ಬರದ ಚೀಲ."

"ಬೈಕು ಆಚೆ ನಿಲ್ಸಿದ್ರಾಯ್ತು ಬಿಡು" ಅಂದರು.